ಕೊಳಚೆಯ ಹಿಮ್ಮರಳಿಕೆಯೂ ಕೆಳಮನೆಯವರ ಪಾಡೂ

ಚೆನ್ನೈಯಲ್ಲಿ ಅತಿವೃಷ್ಟಿಯಾದಾಗ ನೀರು ಬೀದಿಯಿಂದ ಮಾತ್ರವೇ ಮನೆಯನ್ನು ಹೊಗುವುದಿಲ್ಲ. ಕಕ್ಕಸಿನಿಂದಲೂ ಬಚ್ಚಲ ಮೋರಿಯಿಂದಲೂ ಉಕ್ಕಿಬರುತ್ತದೆ. 2015ರ ಡಿಸೆಂಬರಿನ ಪ್ರವಾಹದಲ್ಲಿಯೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿಯೂ ನಗರವು ಈ ಸಂಕಟವನ್ನು ಅನುಭವಿಸಿತು.

ಕಾರಣವು ಗೂಢವೇನಲ್ಲ. ಇದು ಕಡಲಂಚಿನ ಸಮತಟ್ಟಾದ ನೆಲ. ಕೊಳಚೆಯನ್ನು ಪಂಪುಗಳಿಂದ ಎತ್ತಿ ಕೊಡುಂಗೈಯೂರು, ಪೆರುಂಗುಡಿ ಮೊದಲಾದೆಡೆಯ ಶುದ್ಧೀಕರಣ ಸ್ಥಾವರಗಳಿಗೆ ಸಾಗಿಸಬೇಕು. ಒಳಚರಂಡಿಗೆ ಮಳೆನೀರು ನುಗ್ಗಿದರೆ, ಇಲ್ಲವೆ ವಿದ್ಯುತ್ತು ಕಡಿದು ಪಂಪು ನಿಂತರೆ, ಕೊಳಚೆಯು ಬಂದ ದಾರಿಯಲ್ಲೇ ಮರಳಿ, ಎಲ್ಲಕ್ಕಿಂತ ತಗ್ಗಿನಲ್ಲಿರುವ ಕೆಳಮನೆಯಲ್ಲಿ ಉಕ್ಕುತ್ತದೆ. ಅಲ್ಪ ಬಾಡಿಗೆಗೆ ಅಂಥ ಕೋಣೆಗಳಲ್ಲಿ ಕೂಡಿ ವಾಸಿಸುವ ಹೋಟೆಲು ಕಾರ್ಮಿಕರೂ ಗುಮಾಸ್ತರೂ ಮೊದಲು ನೋಯುವವರು.

ಇದಕ್ಕೊಂದು ತಡೆಯುಂಟು. ಮನೆಯ ಕೊಳವೆಯು ಬೀದಿಯ ಚರಂಡಿಯನ್ನು ಸೇರುವ ಮುನ್ನ, ಕೊನೆಯ ಗುಂಡಿಯ ಬಳಿ ಒಮ್ಮುಖ ವಾಲ್ವನ್ನು ಕೂಡಿಸುವುದು. ಒಳಗಿನ ನೀರಿಗೆ ಅದರ ಮುಚ್ಚಳ ತೆರೆಯುತ್ತದೆ. ಹೊರಗಿನದು ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಆದರೆ ಅದು ಮುಚ್ಚಿರುವಾಗ ಮೇಲಂತಸ್ತಿನವರು ನೀರು ಸುರಿದರೂ, ಮಾಳಿಗೆಯ ಮಳೆನೀರು ಅದೇ ಕೊಳವೆಗೆ ಬಿದ್ದರೂ, ಕೆಳಗಿನವರ ಕೋಣೆಯೇ ತುಂಬುವುದು. ಎಣ್ಣೆಜಿಡ್ಡು, ಬಟ್ಟೆಚೂರು ಸಿಕ್ಕಿಕೊಂಡರೆ ವಾಲ್ವೇ ನಿಷ್ಫಲ.

ಆದುದರಿಂದ ಅಕ್ಟೋಬರಿನ ಮಳೆಗೆ ಮೊದಲೇ ಅದನ್ನು ಕೂಡಿಸಿ ಶುಚಿಯಾಗಿಡಿಸುವುದು ಮನೆಯ ಒಡೆಯರ ಹೊಣೆಯೆಂದು ನಾವು ಭಾವಿಸುತ್ತೇವೆ. ಶುಚಿಗಾಗಿ ಗುಂಡಿಗೆ ಮನುಷ್ಯನನ್ನು ಇಳಿಸುವುದು ಸಲ್ಲದು. 2013ರ ಕಾನೂನು ಅಂಥ ಅಪಾಯದ ಕೆಲಸವನ್ನು ನಿಷೇಧಿಸಿದೆ. ಮಳೆಯ ದಿನ ನೀರನ್ನು ಮಿತವಾಗಿ ಬಳಸುವುದು ಮೇಲ್ಮನೆಯವರ ಧರ್ಮ. ಮಳೆನೀರನ್ನು ಒಳಚರಂಡಿಯಿಂದ ದೂರವಿಡುವುದು ಆಡಳಿತದ ಕರ್ತವ್ಯ. ವಾಲ್ವು ಒಂದು ಮನೆಯನ್ನು ಕಾಯಬಲ್ಲದು, ಬೀದಿಯನ್ನು ಕಾಯಲಾರದು.