ಹಾಳೆಯ ದಪ್ಪ ನೋಡುವ ಕಣ್ಣು

ಕಿರಾಣಿ ಇರಲಿ, ಬಟ್ಟೆ ಇರಲಿ, ಪ್ಲಾಸ್ಟಿಕ್ ಹಾಳೆಯ ರೋಲು ಬಾರದ ಅಂಗಡಿ ನಮ್ಮವರಲ್ಲಿ ಕಡಿಮೆ. ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ಬಳಸುವುದು ಮೀಟರ್ ಲೆಕ್ಕದಲ್ಲಿ. ನಡುವಿನ ಲೆಕ್ಕ ಹಾಳೆಯ ದಪ್ಪದಲ್ಲಿದೆ.

೫೦ ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು ದಪ್ಪದ ಸಾದಾ ಪಾಲಿಥೀನ್ ಹಾಳೆ ಚದರ ಮೀಟರಿಗೆ ಸುಮಾರು ೪೬ ಗ್ರಾಂ ತೂಗುತ್ತದೆ. ಕಿಲೋಗೆ ೨೧.೭ ಚದರ ಮೀಟರ್ ಬರಬೇಕು. ತಯಾರಕರು 'ಇರಲಿ ಬಿಡು' ಎಂದು ೫೫ ಮೈಕ್ರಾನ್ ಎಳೆದರೆ ಬರುವುದು ೧೯.೮ ಮಾತ್ರ. ತೆಳ್ಳಗೆ ಎಳೆದರೆ ಕಾನೂನಿನ ತೊಡಕು: ಸಾಮಾನು ಕಟ್ಟುವ ಪ್ಲಾಸ್ಟಿಕ್ ಹಾಳೆ ಸಾಮಾನ್ಯವಾಗಿ ೫೦ ಮೈಕ್ರಾನಿಗೆ ಕಡಿಮೆ ಇರಬಾರದೆಂದು ೨೦೧೬ರ ಕೇಂದ್ರ ನಿಯಮ ಹೇಳುತ್ತದೆ. (ಕೈಚೀಲದ ಮಾತು ಬೇರೆ. ಕೇಂದ್ರದ ನಿಯಮದಲ್ಲಿ ೨೦೨೨ರ ಡಿಸೆಂಬರ್ ೩೧ರಿಂದ ಅದಕ್ಕೆ ೧೨೦ ಮೈಕ್ರಾನ್. ಮಹಾರಾಷ್ಟ್ರ ೨೦೧೮ರಲ್ಲಿ, ತಮಿಳುನಾಡು ೨೦೧೯ರಲ್ಲಿ ಕೈಚೀಲವನ್ನೇ ನಿಷೇಧಿಸಿದವು. ಗಡಿಯಲ್ಲಿರುವ ನಾವು ಎರಡು ರಾಜ್ಯದ ಕಾಯಿದೆಯನ್ನೂ ನೆನಪಿಡಬೇಕು.)

ಸಣ್ಣ ಕಾರ್ಖಾನೆಗಳಲ್ಲಿ ರೋಲು ಮುಗಿದ ಮೇಲೆ ಅಂಚಿನ ತುಂಡು ಕತ್ತರಿಸಿ ಮೈಕ್ರೋಮೀಟರಿನಲ್ಲಿ ಹಿಡಿದು ನೋಡುವುದುಂಟು. ಅಷ್ಟು ಹೊತ್ತಿಗೆ ನೂರಾರು ಮೀಟರ್ ಸುತ್ತಿಯಾಗಿರುತ್ತದೆ. ಓಡುತ್ತಿರುವ ಹಾಳೆಯನ್ನು ಮುಟ್ಟದೆ ಅಳೆಯಬೇಕೆಂದೇ ಸೆನ್ಸರುಗಳು ಬಂದವು. ಅವುಗಳಲ್ಲಿ ಹಳೆಯದೂ ನಂಬಿಕೆಯದೂ ಆದದ್ದು ಬೀಟಾ ಗೇಜ್. ಹಾಳೆಯ ಒಂದು ಬದಿಗೆ ಕ್ರಿಪ್ಟಾನ್-೮೫ರಂಥ ವಿಕಿರಣ ವಸ್ತು, ಇನ್ನೊಂದು ಬದಿಗೆ ಎಣಿಸುವ ಉಪಕರಣ. ಹಾಳೆ ಭಾರವಾದಷ್ಟೂ ದಾಟಿ ಬರುವ ಬೀಟಾ ಕಣಗಳು ಕಡಿಮೆ. ನಿಜವಾಗಿ ಇದು ದಪ್ಪವನ್ನು ಅಳೆಯುವುದಿಲ್ಲ, ತೂಗುತ್ತದೆ. ಇಂಥ ಹಾಳೆಯಲ್ಲಿ ಕಟ್ಟಿದ ಬೇಳೆಗೆ ವಿಕಿರಣ ತಗಲುತ್ತದೆಯೇ ಎಂದು ಮನೆಯವರು ಹೆದರಬೇಕಿಲ್ಲ. ಆ ಕಣಗಳು ಹಾಳೆಯನ್ನು ವಿಕಿರಣಶೀಲ ಮಾಡುವುದಿಲ್ಲ. ಆದರೆ ಗೇಜನ್ನು ಇಟ್ಟುಕೊಳ್ಳಲು ಕಾರ್ಖಾನೆಯವರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಕ್ರಿಪ್ಟಾನ್ ಸುಮಾರು ೧೦.೭ ವರ್ಷಕ್ಕೆ ಅರ್ಧ ಸವೆಯುವುದರಿಂದ ಆಗಾಗ ಸರಿಹೊಂದಿಸುತ್ತಲೂ ಇರಬೇಕು.

ಒಂದೇ ಕಡೆ ನೋಡಿದರೆ ಸಾಲದು. ಆದ್ದರಿಂದ ಸೆನ್ಸರ್ ಹಾಳೆಯ ಅಗಲಕ್ಕೆ ಅತ್ತಿಂದಿತ್ತ ಓಡಾಡುತ್ತದೆ. ಆದರೆ ಹಾಳೆಯೂ ನಿಂತಿರುವುದಿಲ್ಲವಲ್ಲ! ನಿಮಿಷಕ್ಕೆ ೩೦೦ ಮೀಟರ್ ಓಡುವ ಹಾಳೆಯನ್ನು ಈ ಅಂಚಿನಿಂದ ಆ ಅಂಚಿಗೆ ನೋಡಲು ೨೦ ಸೆಕೆಂಡು ಹಿಡಿದರೆ ಅಷ್ಟರಲ್ಲಿ ೧೦೦ ಮೀಟರ್ ಮುಂದೆ ಹೋಗಿರುತ್ತದೆ. ಕಣ್ಣಿಗೆ ಬಿದ್ದದ್ದು ಒಂದು ಓರೆ ಗೆರೆ ಮಾತ್ರ. ಮತ್ತೆ ಮತ್ತೆ ನೋಡಿ, ಯಾವ ಜಾಗದಲ್ಲಿ ಪದೇ ಪದೇ ದಪ್ಪ ಬರುತ್ತಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹೊಸ ಯಂತ್ರಗಳಲ್ಲಿ ಕರಗಿದ ಪ್ಲಾಸ್ಟಿಕ್ ಹೊರಬರುವ ಸೀಳಿನ ಬೋಲ್ಟುಗಳನ್ನು ಕಾಯಿಸಿ, ಅವು ಹಿಗ್ಗಿದಾಗ ಸೀಳು ಆ ಜಾಗದಲ್ಲಷ್ಟೇ ಕಿರಿದಾಗುವಂತೆಯೂ ಮಾಡಿದ್ದಾರೆ.

ಸರಾಸರಿ ಸರಿಯಿದ್ದರೂ ರೋಲು ಕೆಡುವುದು ಇಂಥ ಪಟ್ಟಿಯಿಂದಲೇ. ಒಂದೇ ಜಾಗದಲ್ಲಿ ಎರಡು ಮೈಕ್ರಾನ್ ಹೆಚ್ಚಿದ್ದರೆ ಸಾವಿರ ಸುತ್ತಿಗೆ ಎರಡು ಮಿಲಿಮೀಟರ್ ಉಬ್ಬು. ಅಲ್ಲಿ ಹಾಳೆ ಹಿಗ್ಗಿ ಜೋಲುತ್ತದೆ, ಪ್ಯಾಕಿಂಗ್ ಯಂತ್ರದಲ್ಲಿ ಓರೆಯಾಗಿ ಓಡುತ್ತದೆ. ಬೈಸಿಕೊಳ್ಳುವವನು ಮಾತ್ರ ಯಂತ್ರದ ಹುಡುಗ. ದೊಡ್ಡ ಆರ್ಡರು ಕೊಡುವಾಗ ರೋಲಿನ ಅಗಲದುದ್ದಕ್ಕೂ ದಪ್ಪ ತೋರಿಸುವ ಸೆನ್ಸರಿನ ನಕ್ಷೆಯನ್ನು ಕೇಳಿ ಪಡೆಯುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ನಕ್ಷೆ ಸಿಗದಿದ್ದರೆ ಬಂಗಾರದ ಅಂಗಡಿಯ ತಕ್ಕಡಿ ಸಾಕು. ರೋಲಿನ ನಡುವಿನಿಂದ, ಎರಡೂ ಅಂಚಿನಿಂದ ೧೦ ಸೆಂಟಿಮೀಟರ್ ಚೌಕದ ಒಂದೊಂದು ಪದರ ಕತ್ತರಿಸಿ ತೂಗಿರಿ. ೫೦ ಮೈಕ್ರಾನಿನ ಸಾದಾ ಪಾಲಿಥೀನ್ ಆದರೆ ೪೬೦ ಮಿಲಿಗ್ರಾಂ ಆಸುಪಾಸು ಬರಬೇಕು. ಸುಣ್ಣಕಲ್ಲಿನ ಪುಡಿ ಬೆರೆಸಿದ ಬಿಳಿ ಹಾಳೆಗೆ ಈ ಲೆಕ್ಕ ನಡೆಯದು. ಪುಡಿ ಭಾರವಾದ್ದರಿಂದ ತೆಳ್ಳನೆಯ ಹಾಳೆಯೂ ತೂಕದಲ್ಲಿ ದಪ್ಪ ತೋರುತ್ತದೆ. ಬೀಟಾ ಗೇಜಿಗೂ ಇದೇ ತೊಡಕು. ಅಂಥಲ್ಲಿ ಪ್ಲಾಸ್ಟಿಕ್ಕನ್ನಷ್ಟೇ ಗುರುತಿಸುವ ಇನ್‌ಫ್ರಾರೆಡ್ ಸೆನ್ಸರನ್ನೂ ಜೊತೆಗೆ ಕೂಡಿಸುತ್ತಾರೆ.