ಗಾಡಿ ಕೆಮ್ಮಿದಾಗ

"ಉಪ್ಪಾ, ಗಾಡಿ ಇವತ್ತೂ ಕೆಮ್ಮುತ್ತಿದೆ" ಎಂದಳು ಹಿಂದಿನ ಸೀಟಿನಲ್ಲಿ ಕುಳಿತಿದ್ದ ಕಿರಿಯ ಮಗಳು. ಮನೆಯ ಮುಂದಿನ ಮಣ್ಣಿನ ದಾರಿಯಿಂದ ಟಾರು ರಸ್ತೆಗೆ ಹತ್ತುವಾಗಲೆಲ್ಲ ಎಡಗಡೆಯ ಮುಂದಿನ ಚಕ್ರದ ಬುಡದಿಂದ 'ಟಕ್' ಎಂಬ ಸದ್ದು ಬರುತ್ತಿತ್ತು. ಹೊಂಡಕ್ಕೆ ಇಳಿದರೆ ಎರಡು ಸಲ, ಹಂಪ್ಸ್ ದಾಟಿದರೆ ಮೂರು ಸಲ. ನಾನು ಏನು ಮಾಡಿದೆ ಗೊತ್ತೇ? ರೇಡಿಯೋದ ಧ್ವನಿ ಸ್ವಲ್ಪ ಹೆಚ್ಚಿಸಿದೆ. ಸದ್ದು ಕೇಳಿಸಲಿಲ್ಲ. ಸಮಸ್ಯೆ ಮುಗಿಯಿತು ಎಂದುಕೊಂಡೆ.

ಇದು 2017ರ ಡಿಸೆಂಬರ್ ತಿಂಗಳ ಮಾತು. ಕಾರು ನನ್ನದಲ್ಲ, ಭಾವನದ್ದು. 2004ರ ಮಾರುತಿ 800. ಭಾವ ದಮ್ಮಾಮಿಗೆ ಹೋದ ಮೇಲೆ ಎರಡು ವರ್ಷ ಅದು ಅಂಗಳದ ಮೂಲೆಯಲ್ಲಿ ಟರ್ಪಾಲು ಹೊದ್ದು ನಿಂತಿತ್ತು. "ನಿಂತಲ್ಲೇ ಹಾಳಾಗುವುದಕ್ಕಿಂತ ನೀನೇ ಓಡಿಸು ಮಾರಾಯ" ಎಂದು ಫೋನಿನಲ್ಲಿ ಹೇಳಿದ್ದರು. ನಾನು ಹೊಸ ಬ್ಯಾಟರಿ ಹಾಕಿಸಿದೆ, ಇಂಜಿನ್ ಆಯಿಲ್ ಬದಲಾಯಿಸಿದೆ, ಚೆನ್ನಾಗಿ ತೊಳೆಸಿದೆ. ಐದು ಸಾವಿರ ಕೊಟ್ಟು ಸೀಟ್ ಕವರ್ ಮತ್ತು ಹಾಡು ಕೇಳುವ ಪೆಟ್ಟಿಗೆ ಹಾಕಿಸಿದೆ. ಕಾರು ಹೊಸ ಮದುಮಗಳಂತೆ ಹೊಳೆಯಿತು. ಅದರ ಅಡಿಯಲ್ಲಿ ಏನಿದೆ ಎಂದು ಬಗ್ಗಿ ನೋಡಲಿಲ್ಲ.

ಆ ದಿನ ಮೂಡಿಗೆರೆಯ ಕಡೆ ಸಂಬಂಧಿಕರ ಮನೆಯಲ್ಲಿ ನಿಕಾಹ್ ಇತ್ತು. ಆ ಪುಟ್ಟ ಕಾರಿನಲ್ಲಿ ನಾನು, ಪತ್ನಿ, ತಾಯಿ ಮತ್ತು ಮೂವರು ಮಕ್ಕಳು, ಒಟ್ಟು ಆರು ಜನ. ಡಿಕ್ಕಿಯಲ್ಲಿ ಬಟ್ಟೆಯ ಚೀಲಗಳು, ಸಿಹಿತಿಂಡಿಯ ಡಬ್ಬಗಳು. ಬೆಳ್ತಂಗಡಿ ದಾಟಿ ಉಜಿರೆ ತಲುಪುವಾಗ ಮುಂದಿನ ಎಡಚಕ್ರ ಪಂಕ್ಚರ್ ಆಯಿತು. ಆಗ ಮನಸ್ಸಿನಲ್ಲೇ ಗೊಣಗಿಕೊಂಡೆ. ಈಗ ಯೋಚಿಸುವಾಗ, ಆ ಮೊಳೆ ನಮಗೆ ಮಾಡಿದ ಉಪಕಾರ ಸಣ್ಣದಲ್ಲ ಎನಿಸುತ್ತದೆ.

ರಸ್ತೆ ಬದಿಯ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಚಕ್ರ ಕಳಚಿ ಟೈರಿನ ಒಳಬದಿಗೆ ಬೆರಳು ಸವರಿದರು. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಟೈರು ಒಳಬದಿಯಲ್ಲಿ ನುಣ್ಣಗಾಗಿ ನೂಲು ಕಾಣುತ್ತಿತ್ತು. ಅವರು ಏನೂ ಮಾತಾಡದೆ ಕಬ್ಬಿಣದ ಸರಳು ತಂದು ಚಕ್ರದ ಹಿಂದಿನ ತೋಳಿನ ಸಂದಿಗೆ ಕೊಟ್ಟು ಮೀಟಿದರು. ಅದೇ 'ಟಕ್'. "ಮಾಸ್ಟ್ರೇ, ಇಲ್ಲಿ ಕೈ ಇಟ್ಟು ನೋಡಿ" ಎಂದರು. ಕೈ ಇಟ್ಟೆ. ಗಟ್ಟಿಯಾಗಿ ಕೂತಿರಬೇಕಾದ ಜಾಗ ಅಲುಗಾಡುವ ಹಲ್ಲಿನಂತೆ ಆಡುತ್ತಿತ್ತು. "ಮಕ್ಕಳನ್ನು ಕೂರಿಸಿಕೊಂಡು ಇದರಲ್ಲಿ ಚಾರ್ಮಾಡಿ ಹತ್ತುತ್ತೀರಾ? ಪಂಕ್ಚರ್ ಹಾಕಿ ಕೊಡುತ್ತೇನೆ, ಆದರೆ ಗಾಡಿ ಇಲ್ಲೇ ಇರಲಿ" ಎಂದರು. ಅವರ ದನಿಯಲ್ಲಿ ವ್ಯಾಪಾರದ ಆಸೆ ಇರಲಿಲ್ಲ. ಮನೆಯ ಹಿರಿಯರು ಗದರಿಸುವ ದನಿ ಅದು.

ಕಾರು ಅಲ್ಲೇ ಬಿಟ್ಟೆವು. ಬಸ್ಸು ಹಿಡಿದು ಕೊಟ್ಟಿಗೆಹಾರದ ದಾರಿಯಾಗಿ ತಲುಪುವಾಗ ನಿಕಾಹ್ ಮುಗಿದಿತ್ತು, ಊಟ ಮಾತ್ರ ಸಿಕ್ಕಿತು. ಘಾಟಿಯ ಪ್ರತಿಯೊಂದು ತಿರುವಿನಲ್ಲಿ ಬಸ್ಸಿನ ಕಿಟಕಿಯಿಂದ ಕೆಳಗಿನ ಕಣಿವೆಯನ್ನು ನೋಡುತ್ತಾ ಕುಳಿತಿದ್ದ ನನಗೆ ಊಟ ರುಚಿಸಲಿಲ್ಲ.

ಮರುದಿನ ಕಾರು ತರಲು ಹೋದಾಗ ಆ ಹಿರಿಯರು ಬಿಚ್ಚಿದ ಭಾಗಗಳನ್ನು ಒಂದೊಂದಾಗಿ ತೋರಿಸಿ ವಿವರಿಸಿದರು. ಅವರು ಕಲಿಸಿದ್ದನ್ನು, ನಂತರ ನಾನು ಓದಿ ತಿಳಿದದ್ದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ. ಯಾಕೆಂದರೆ ನಮ್ಮ ಎಷ್ಟೋ ಮನೆಗಳ ಅಂಗಳದಲ್ಲಿ ಇಂತಹ ಹಳೆಯ ಕಾರುಗಳಿವೆ.

ಕಾರಿನ ದೇಹಕ್ಕೂ ಚಕ್ರಕ್ಕೂ ನಡುವೆ ಇರುವ ವ್ಯವಸ್ಥೆಯೇ ಸಸ್ಪೆನ್ಷನ್. ಇದು ಮೈ ಕುಲುಕದಂತೆ ಮಾಡುವ ಸುಖದ ಸಾಧನ ಮಾತ್ರ ಎಂದು ನಾವು ತಿಳಿದಿದ್ದೇವೆ. ಅದರ ಮುಖ್ಯ ಕೆಲಸ ಬೇರೆಯೇ ಇದೆ. ನಾಲ್ಕೂ ಚಕ್ರಗಳು ಸದಾ ನೆಲಕ್ಕೆ ಅಂಟಿಕೊಂಡಿರುವಂತೆ, ಸರಿಯಾದ ಕೋನದಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದು ಅದರ ಹೊಣೆ. ಪ್ರತಿಯೊಂದು ಟೈರು ರಸ್ತೆಯನ್ನು ಮುಟ್ಟುವುದು ಹೆಚ್ಚು ಕಡಿಮೆ ನಮ್ಮ ಅಂಗೈಯಷ್ಟು ಜಾಗದಲ್ಲಿ. ಬ್ರೇಕ್ ಹಿಡಿಯುವುದೂ ಸ್ಟೇರಿಂಗ್ ತಿರುಗುವುದೂ ಆ ನಾಲ್ಕು ಅಂಗೈಗಳ ಬಲದಿಂದಲೇ. ಅವು ನೆಲ ಬಿಟ್ಟರೆ ಎಷ್ಟು ಒಳ್ಳೆಯ ಬ್ರೇಕ್ ಇದ್ದರೂ ಪ್ರಯೋಜನವಿಲ್ಲ.

ಭಾರ ಹೊರುವುದು ಸ್ಪ್ರಿಂಗ್. ಓಮ್ನಿ, ಜೀಪುಗಳ ಹಿಂಭಾಗದಲ್ಲಿ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಪ್ಲೇಟುಗಳಿರುತ್ತವೆ, ಸಾಮಾನ್ಯ ಕಾರುಗಳಲ್ಲಿ ಸುರುಳಿ ಸ್ಪ್ರಿಂಗ್ ಇರುತ್ತದೆ. ಆದರೆ ಸ್ಪ್ರಿಂಗ್ ಒಮ್ಮೆ ಕುಣಿದರೆ ಕುಣಿಯುತ್ತಲೇ ಇರುತ್ತದೆ. ಅದನ್ನು ತಡೆಯುವುದು ಶಾಕ್ ಅಬ್ಸಾರ್ಬರ್. ಕೊಳವೆಯೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಸುಳುವಾಗ ಕುಣಿತದ ಶಕ್ತಿ ಬಿಸಿಯಾಗಿ ಕರಗಿ ಹೋಗುತ್ತದೆ. ಒಳಗಿನ ಸೀಲ್ ಸವೆದು ಎಣ್ಣೆ ಸೋರಿದರೆ ಚಕ್ರ ರಸ್ತೆಯ ಮೇಲೆ ಚೆಂಡಿನಂತೆ ಪುಟಿಯುತ್ತದೆ. ಪುಟಿದಾಗ ಅದು ನೆಲದಲ್ಲಿಲ್ಲ, ಗಾಳಿಯಲ್ಲಿದೆ. ಆ ಕ್ಷಣ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಮಳೆಗಾಲದಲ್ಲಿ, ಹೊಂಡದ ರಸ್ತೆಯಲ್ಲಿ, ಇಳಿಜಾರಿನ ತಿರುವಿನಲ್ಲಿ ಇದರ ಪರಿಣಾಮ ಏನೆಂದು ಹೇಳಬೇಕಾಗಿಲ್ಲ.

ಇನ್ನು ರಬ್ಬರ್ ಬುಷ್. ಕಬ್ಬಿಣದ ತೋಳುಗಳು ಕಾರಿನ ದೇಹಕ್ಕೆ ಸೇರುವಲ್ಲಿ ಇವು ದಿಂಬಿನಂತೆ ಕುಳಿತಿರುತ್ತವೆ. ಕಾರು ಓಡದಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ. ಬಿಸಿಲು, ಬಿಸಿ, ಎಣ್ಣೆ, ವರ್ಷಗಳು ಎಲ್ಲವೂ ಸೇರಿ ಅದು ಬಿರಿಯುತ್ತದೆ. ಬುಷ್ ಹೋದರೆ ಚಕ್ರದ ಕೋನ ತಪ್ಪುತ್ತದೆ, ಟೈರು ಒಂದೇ ಬದಿ ಸವೆಯುತ್ತದೆ, ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ನಮ್ಮ ಟೈರಿನ ಒಳಬದಿ ತಿಂದು ಹೋದದ್ದು ಹೀಗೆ.

ಎಲ್ಲಕ್ಕಿಂತ ಅಪಾಯಕಾರಿ ಬಾಲ್ ಜಾಯಿಂಟ್. ನಮ್ಮ ಭುಜದ ಅಥವಾ ಸೊಂಟದ ಕೀಲಿನಂತೆ ಒಂದು ಉಕ್ಕಿನ ಗುಂಡು ಬಟ್ಟಲಿನಂತಹ ಗೂಡಿನೊಳಗೆ ತಿರುಗುತ್ತಿರುತ್ತದೆ. ಗ್ರೀಸ್ ಹೊರಹೋಗದಂತೆ, ಮಣ್ಣು ನೀರು ಒಳಬಾರದಂತೆ ಅದಕ್ಕೊಂದು ರಬ್ಬರ್ ಟೊಪ್ಪಿ. ಆ ಟೊಪ್ಪಿ ಹರಿದರೆ ಮಣ್ಣು ಸೇರಿ ಗುಂಡು ಸವೆಯಲು ಶುರುವಾಗುತ್ತದೆ. ಮೊದಲು ಸದ್ದು, ನಂತರ ಸಡಿಲ. ಕೊನೆಗೊಂದು ದಿನ ಗುಂಡು ಗೂಡಿನಿಂದಲೇ ಹೊರಬರುತ್ತದೆ. ಆಗ ಚಕ್ರದ ಕೆಳಭಾಗಕ್ಕೆ ಹಿಡಿತವೇ ಇಲ್ಲ. ಅದು ಮುರಿದ ಕಾಲಿನಂತೆ ಹೊರಕ್ಕೆ ಮಡಚಿಕೊಳ್ಳುತ್ತದೆ, ಗಾಡಿ ಆ ಕಡೆಗೆ ಕುಸಿಯುತ್ತದೆ. ಸ್ಟೇರಿಂಗ್ ಕೈಯಲ್ಲಿರುತ್ತದೆ, ಆದರೆ ಗಾಡಿ ಮಾತು ಕೇಳುವುದಿಲ್ಲ. ಸ್ಟೇರಿಂಗಿನ ಜೋಡಣೆಯಲ್ಲಿರುವ ಟೈ ರಾಡ್ ಎಂಡ್ ಕೂಡ ಇದೇ ಜಾತಿಯ ಕೀಲು. ಅದು ಕಳಚಿದರೂ ಫಲ ಇದೇ.

ಹಳೆಯ ಕಾರು ಇಟ್ಟುಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಹೊಸ ಕಾರು ಕೊಳ್ಳುವ ಶಕ್ತಿಯಿಲ್ಲ. ಮಾರುತಿ 800 ತಯಾರಿ 2014ರಲ್ಲೇ ನಿಂತಿತು, ಓಮ್ನಿ 2019ರಲ್ಲಿ. ಆದರೂ ಅವು ಇಂದಿಗೂ ಎಷ್ಟೋ ಕುಟುಂಬಗಳನ್ನು ಆಸ್ಪತ್ರೆಗೆ, ಶಾಲೆಗೆ, ಮದುವೆಗೆ ಮುಟ್ಟಿಸುತ್ತಿವೆ. ತಪ್ಪಿರುವುದು ಗಾಡಿಯ ವಯಸ್ಸಿನಲ್ಲಲ್ಲ, ನಮ್ಮ ಅಸಡ್ಡೆಯಲ್ಲಿ. ವಯಸ್ಸಾದ ತಾಯಿಗೆ ಮೊಣಕಾಲು ನೋವು ಎಂದರೆ ವೈದ್ಯರ ಬಳಿ ಕರೆದೊಯ್ಯುತ್ತೇವೆ. ಅದೇ ತಾಯಿಯನ್ನು ಕೂರಿಸಿಕೊಂಡು ಹೋಗುವ ಗಾಡಿಯ ಕೀಲು ಸವೆದರೆ ರೇಡಿಯೋದ ಧ್ವನಿ ಹೆಚ್ಚಿಸುತ್ತೇವೆ.

ರಾತ್ರಿ ಭಾವನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಫಹಸ್ ಆಗದೆ ಇಸ್ತಿಮಾರಾ ನವೀಕರಿಸುವುದಿಲ್ಲ. ಊರಿನಲ್ಲಿ ಕೇಳುವವರೇ ಇಲ್ಲವಲ್ಲ" ಎಂದರು. ಸೌದಿಯಲ್ಲಿ ದುಡಿದು ಬಂದವರಿಗೆ ಈ ಎರಡು ಪದಗಳು ಗೊತ್ತು. ಫಹಸ್ ಎಂದರೆ ಅರಬಿಯಲ್ಲಿ ತಪಾಸಣೆ, ಇಸ್ತಿಮಾರಾ ಎಂದರೆ ಗಾಡಿಯ ನೋಂದಣಿ ಪತ್ರ. ಅಲ್ಲಿ ಖಾಸಗಿ ಕಾರುಗಳಿಗೆ ಮೊದಲ ಮೂರು ವರ್ಷ ಕಳೆದ ಮೇಲೆ ಪ್ರತಿವರ್ಷ ತಪಾಸಣೆ ಕಡ್ಡಾಯ. ಬ್ರಿಟನ್ನಿನಲ್ಲಿ ಇಂತಹ ಪರೀಕ್ಷೆ 1960ರಲ್ಲೇ ಶುರುವಾಯಿತು. ಮೊದಲು ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ ಇತ್ತು. 1967ರಲ್ಲಿ ಅದನ್ನು ಮೂರು ವರ್ಷಕ್ಕೆ ಇಳಿಸಿದರು. ಅಲ್ಲಿ ಗಾಡಿಗಳು ಫೇಲ್ ಆಗಲು ಮುಖ್ಯ ಕಾರಣಗಳಲ್ಲಿ ಲೈಟುಗಳ ಜೊತೆಗೆ ಸಸ್ಪೆನ್ಷನ್ ಕೂಡ ಒಂದು.

ನಮ್ಮಲ್ಲಿ ಹೇಗೆ? 1988ರ ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ಆಯುಸ್ಸು. ಆಮೇಲೆ ಗಾಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಬಾಡಿಗೆ ಗಾಡಿಗಳಿಗೆ ಆಗಾಗ ಫಿಟ್‌ನೆಸ್ ಪರೀಕ್ಷೆ ಇದೆ. ಆದರೆ ನಮ್ಮ ಸ್ವಂತ ಕಾರು ಮೊದಲ ಹದಿನೈದು ವರ್ಷ ಯಾವ ಅಧಿಕಾರಿಯ ಕಣ್ಣಿಗೂ ಬೀಳದೆ ಓಡಾಡಬಹುದು. ಹೊಗೆ ತಪಾಸಣೆಯ ಚೀಟಿ ಇದೆಯಲ್ಲ ಎನ್ನಬೇಡಿ. ಅದು ಹೊಗೆಯನ್ನು ಮಾತ್ರ ಅಳೆಯುತ್ತದೆ, ಚಕ್ರವನ್ನು ಅಲುಗಾಡಿಸಿ ನೋಡುವುದಿಲ್ಲ. ಭಾವನ ಕಾರಿಗೆ ಆಗ ಹದಿಮೂರು ವರ್ಷ. ಕಾಗದಪತ್ರಗಳೆಲ್ಲ ಸರಿಯಿದ್ದವು. ಕಾನೂನಿನ ಪ್ರಕಾರ ನಾನು ಧೈರ್ಯವಾಗಿ ಘಾಟಿ ಹತ್ತಬಹುದಿತ್ತು!

ಹಾಗಾದರೆ ಫಹಸ್ ಮಾಡಬೇಕಾದವರು ನಾವೇ. ಇದಕ್ಕೆ ದೊಡ್ಡ ವಿದ್ಯೆ ಬೇಡ. ಮನೆಯಲ್ಲೇ ನೋಡಬಹುದಾದ ಕೆಲವು ಗುರುತುಗಳಿವೆ.

ತಿಂಗಳಿಗೊಮ್ಮೆ ನಾಲ್ಕೂ ಟೈರುಗಳಿಗೆ ಕೈ ಸವರಿ ನೋಡಿ, ಮುಖ್ಯವಾಗಿ ಒಳಬದಿಗೆ. ಮುಂದಿನ ಚಕ್ರಗಳನ್ನು ಪೂರ್ತಿ ತಿರುಗಿಸಿ ನಿಲ್ಲಿಸಿದರೆ ಒಳಬದಿ ಕಾಣುತ್ತದೆ. ಒಂದು ಬದಿ ಮಾತ್ರ ಸವೆದಿದ್ದರೆ ಅಥವಾ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಅದು ಟೈರಿನ ತಪ್ಪಲ್ಲ, ಅದರ ಹಿಂದಿರುವ ಭಾಗದ ದೂರು.

ಕಾರಿನ ಮೂಲೆಯನ್ನು ಎರಡೂ ಕೈಗಳಿಂದ ಜೋರಾಗಿ ಅದುಮಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಒಳ್ಳೆಯದು. ಎರಡು ಮೂರು ಸಲ ತೂಗಾಡಿದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಆದರೆ ತೂಗಾಡದಿದ್ದರೆ ಎಲ್ಲವೂ ಸರಿಯಿದೆ ಎಂದೂ ಅಲ್ಲ. ಶಾಕಿನ ಮೈಯಲ್ಲಿ ಎಣ್ಣೆಯ ಜಿಡ್ಡು ಇದೆಯೇ, ರಬ್ಬರ್ ಟೊಪ್ಪಿಗಳು ಹರಿದಿವೆಯೇ ಎಂದು ಟಾರ್ಚ್ ಹಿಡಿದು ನೋಡಿ.

ಓಡಿಸುವಾಗ ಹೊಂಡದಲ್ಲಿ 'ಟಕ್ ಟಕ್' ಸದ್ದು, ಬ್ರೇಕ್ ಹಾಕಿದಾಗ ಮೂತಿ ತಗ್ಗುವುದು, ನೇರ ರಸ್ತೆಯಲ್ಲಿ ಗಾಡಿ ಒಂದು ಕಡೆಗೆ ವಾಲುವುದು, ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೂ ಚಕ್ರ ತಿರುಗದಿರುವುದು, ಇವೆಲ್ಲ ಎಚ್ಚರಿಕೆಯ ಗಂಟೆಗಳು. ಇವುಗಳಲ್ಲಿ ಒಂದು ಕಂಡರೂ ಗ್ಯಾರೇಜಿಗೆ ಹೋಗಿ. ಜಾಕಿ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಾಗೂ ಎಡ ಬಲಕ್ಕೆ ಅಲುಗಾಡಿಸಿ ನೋಡಲು ಹೇಳಿ. ಆ ಕೆಲಸ ನೀವೇ ಮಾಡಬೇಡಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಅಡಿಗೆ ನುಸುಳುವುದು ಪ್ರಾಣಕ್ಕೇ ಸಂಚಕಾರ.

ಶಾಕ್ ಅಬ್ಸಾರ್ಬರ್ ಬದಲಾಯಿಸುವಾಗ ಎಡ ಬಲ ಎರಡನ್ನೂ ಜೊತೆಯಾಗಿ ಬದಲಾಯಿಸಿ. ತೋಳು, ಟೈ ರಾಡ್ ಮುಟ್ಟಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಬಿಡಬೇಡಿ, ಇಲ್ಲದಿದ್ದರೆ ಹೊಸ ಟೈರೂ ಬೇಗ ಸವೆಯುತ್ತದೆ. ಬಹಳ ಕಾಲ ನಿಂತ ಕಾರನ್ನು ಹೊರಡಿಸುವ ಮೊದಲು ಟೈರಿನ ಹುಟ್ಟಿದ ದಿನವನ್ನೂ ನೋಡಿ. ಅದರ ಪಕ್ಕದಲ್ಲಿ ನಾಲ್ಕು ಅಂಕೆಗಳು ಅಚ್ಚಾಗಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ 2014ರ ಇಪ್ಪತ್ತಮೂರನೆಯ ವಾರ ತಯಾರಾದದ್ದು. ಹಳೆಯ ಕಾರು ಕೊಳ್ಳುವವರು ಬಣ್ಣ ನೋಡಿ ಮರುಳಾಗದೆ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಲಿ. ಕಾರನ್ನು ನುಣುಪಾದ ಹೆದ್ದಾರಿಯಲ್ಲಿ ಮಾತ್ರವಲ್ಲ, ಹೊಂಡಗಳಿರುವ ರಸ್ತೆಯಲ್ಲೂ ಓಡಿಸಿ ನೋಡಲಿ.

ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅತಿವೇಗವೇ ದೊಡ್ಡ ಕಾರಣವೆಂದು ಅದರಲ್ಲಿದೆ, ಅದು ನಿಜ. ಆದರೆ ಸವೆದ ಚಕ್ರಕ್ಕೆ ಸಾಧಾರಣ ವೇಗವೂ ಅತಿವೇಗವೇ ಎಂಬುದನ್ನು ನಾವು ಮರೆಯಬಾರದು.

ಅಂದು ಎರಡೂ ಕಡೆಯ ತೋಳು, ಬುಷ್, ಟೈ ರಾಡ್ ಎಂಡ್, ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ ಆದ ಖರ್ಚು ನಾಲ್ಕು ಸಾವಿರದ ಆಸುಪಾಸು. ಸೀಟ್ ಕವರ್ ಮತ್ತು ಹಾಡಿನ ಪೆಟ್ಟಿಗೆಗೆ ಕೊಟ್ಟದ್ದಕ್ಕಿಂತ ಕಡಿಮೆ. ಆ ಲೆಕ್ಕವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಗಾಡಿ ಭಾವನ ಅಮಾನತ್ತು ಎಂದು ನಾನು ಅದರ ಬಣ್ಣವನ್ನು ಜೋಪಾನ ಮಾಡಿದ್ದೆ. ಅದರೊಳಗೆ ಕುಳಿತ ಆರು ಜೀವಗಳೂ ಅಮಾನತ್ತೇ ಎಂಬುದು ಹೊಳೆದಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಗಾಡಿಯಲ್ಲಿ ಹೊಸ ಸದ್ದು ಕೇಳಿದರೆ ಯಾರು ಬೇಕಾದರೂ ಹೇಳಬಹುದು, ಹೇಳಿದವರನ್ನು ಗದರಿಸುವಂತಿಲ್ಲ. ಓಡಿಸುವವನ ಗಮನ ರಸ್ತೆಯ ಮೇಲಿರುತ್ತದೆ. ಸದ್ದನ್ನು ಮೊದಲು ಗುರುತಿಸುವವರು ಹೆಚ್ಚಾಗಿ ಪಕ್ಕದಲ್ಲಿ ಕುಳಿತ ಪತ್ನಿ, ಹಿಂದೆ ಕುಳಿತ ಮಕ್ಕಳು. "ನಿಮಗೇನು ಗೊತ್ತು ಗಾಡಿಯ ವಿಷಯ" ಎಂದು ಅವರ ಬಾಯಿ ಮುಚ್ಚಿಸುವ ಗಂಡಸರು ನಮ್ಮಲ್ಲಿ ಕಡಿಮೆಯಿಲ್ಲ. ಸಹೋದರಿಯರೇ, ನೀವು ಸುಮ್ಮನಾಗಬೇಡಿ. ಗ್ಯಾರೇಜಿಗೆ ತೋರಿಸದೆ ದೂರ ಪ್ರಯಾಣಕ್ಕೆ ಕೂರುವುದಿಲ್ಲ ಎಂದು ಹಟ ಹಿಡಿಯಿರಿ. ಆ ಹಟದಿಂದ ಒಂದು ದಿನ ತಡವಾಗಬಹುದು, ಒಂದು ನಿಕಾಹ್ ತಪ್ಪಬಹುದು. ನಮಗೂ ತಪ್ಪಿತು. ಆದರೆ ಸಂಜೆ ಆರೂ ಜನ ಮನೆಗೆ ಮರಳಿದೆವು.