ಕಡಲು ದಾಟಿದ ಕುಣಿತ

ಒಂದು ಕಲೆ ತಾನು ಹುಟ್ಟಿದ ನೆಲವನ್ನು ಬಿಟ್ಟು ಬೇರೊಂದು ನೆಲಕ್ಕೆ ಹೋದಾಗ ಕೆಡುತ್ತದೆಯೆ, ಬೆಳೆಯುತ್ತದೆಯೆ? ಈ ಪ್ರಶ್ನೆಗೆ ಉತ್ತರ ಹೇಳುವಾಗ ನಾವು ಸಾಮಾನ್ಯವಾಗಿ ಅವಸರಪಡುತ್ತೇವೆ. ಮೂಲರೂಪವೊಂದೇ ಶುದ್ಧ, ಉಳಿದುದೆಲ್ಲ ಅದರ ವಿಕಾರ ಎನ್ನುವವರು ಕೆಲವರು. ಒರಟಾಗಿದ್ದುದನ್ನು ತಿದ್ದಿ ನಯಗೊಳಿಸಿದವರೇ ಅದನ್ನು ಕಲೆಯನ್ನಾಗಿ ಮಾಡಿದರು ಎನ್ನುವವರು ಮತ್ತೆ ಕೆಲವರು. ಟ್ಯಾಂಗೊ ಎಂಬ ಜೋಡಿನೃತ್ಯದ ಕಥೆಯನ್ನು ನೋಡಿದರೆ, ಈ ಎರಡು ಮಾತುಗಳೂ ಅರ್ಧಸತ್ಯಗಳೆಂದು ನನಗೆ ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ಎಂಬ ಎರಡು ರೇವುಪಟ್ಟಣಗಳಲ್ಲಿ ಈ ನೃತ್ಯ ಹುಟ್ಟಿತು. ಹೊಟ್ಟೆಪಾಡಿಗಾಗಿ ಇಟಲಿ, ಸ್ಪೇನ್‌ಗಳಿಂದ ಹಡಗು ಹತ್ತಿ ಬಂದವರು, ಹುಲ್ಲುಗಾವಲುಗಳಿಂದ ನಗರಕ್ಕೆ ವಲಸೆ ಬಂದವರು, ಗುಲಾಮರಾಗಿ ತರಲ್ಪಟ್ಟಿದ್ದ ಆಫ್ರಿಕನ್ನರ ಸಂತತಿಯವರು ಅಲ್ಲಿನ ಬಡ ಬೀದಿಗಳಲ್ಲಿ ಒಟ್ಟಿಗೆ ಬಾಳುತ್ತಿದ್ದರು. ಅವರವರ ಲಯಗಳು ಬೆರೆತು ಟ್ಯಾಂಗೊ ಆಯಿತು. ಅದರ ಉಸಿರೆನಿಸಿದ ಬ್ಯಾಂಡೋನಿಯನ್ ಎಂಬ ತಿದಿವಾದ್ಯವೂ ಜರ್ಮನಿಯಿಂದ ಬಂದುದೇ. ಹೀಗೆ, ನಾವು 'ಮೂಲ' ಎಂದು ಕರೆಯುವುದೇ ಹಲವು ನೀರುಗಳು ಕೂಡಿದ ಸಂಗಮ.

ಬ್ಯೂನಸ್ ಐರಿಸ್‌ನ ಸಿರಿವಂತರು ಬಹುಕಾಲ ಈ ಕುಣಿತವನ್ನು ಕೀಳೆಂದು ಹಳಿದರು. ಆದರೆ 1913ರ ಹೊತ್ತಿಗೆ ಪ್ಯಾರಿಸ್ ನಗರ ಅದಕ್ಕೆ ಮರುಳಾಯಿತು. ಲಂಡನ್ನಿನಲ್ಲಿ ಚಹಾಕೂಟಗಳೊಡನೆ ಟ್ಯಾಂಗೊ ಏರ್ಪಡತೊಡಗಿತು. ಅದೇ ವರ್ಷ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್, ಸಮವಸ್ತ್ರ ತೊಟ್ಟ ತನ್ನ ಅಧಿಕಾರಿಗಳು ಟ್ಯಾಂಗೊ ಆಡಕೂಡದೆಂದು ಆಜ್ಞೆ ಮಾಡಿದನು. ಆಜ್ಞೆಗೆ ಫ್ಯಾಷನ್ನು ಹೆದರಲಿಲ್ಲ. ಪ್ಯಾರಿಸ್ ಮೆಚ್ಚಿದ ಮೇಲೆ ಬ್ಯೂನಸ್ ಐರಿಸ್‌ನ ಗಣ್ಯರಿಗೂ ಅದು ಸಭ್ಯವಾಗಿ ಕಂಡಿತು! ತಮ್ಮ ಬೀದಿಯ ಬಡವರು ಕಟ್ಟಿದ ಕಲೆಯ ಬೆಲೆಯನ್ನು ಪರದೇಶದವರ ಬಾಯಿಂದ ಕೇಳಿ ತಿಳಿಯಬೇಕಾಯಿತು. ಇದು ಆ ನಗರವೊಂದರ ದೌರ್ಬಲ್ಯವಲ್ಲ.

ಇಂಥ ನಿಂದೆ ಟ್ಯಾಂಗೊ ಒಂದಕ್ಕೇ ಬಂದುದೂ ಅಲ್ಲ. ಗಂಡು ಹೆಣ್ಣು ಸಮೀಪ ನಿಂತು ಸುತ್ತುವ ವಾಲ್ಟ್ಸ್ ನೃತ್ಯವನ್ನು ಲಂಡನ್ನಿನ 'ಟೈಮ್ಸ್' ಪತ್ರಿಕೆ 1816ರಲ್ಲಿ ಅಸಭ್ಯವೆಂದು ಖಂಡಿಸಿತ್ತು. ಇಂದು ಅದೇ ವಾಲ್ಟ್ಸ್ ವಿಯೆನ್ನಾ ನಗರದ ಗೌರವಚಿಹ್ನೆ. ಅಲ್ಲಿ ಚಳಿಗಾಲದಲ್ಲಿ ವೈದ್ಯರು, ಕಾಫಿಗೃಹದ ಒಡೆಯರು, ಮಿಠಾಯಿಗಾರರು ತಂತಮ್ಮ ವೃತ್ತಿಯ ಹೆಸರಿನಲ್ಲಿ ನೃತ್ಯಕೂಟಗಳನ್ನು ನಡೆಸುತ್ತಾರೆ. ನಿನ್ನೆಯ ಅಪಚಾರ ಇಂದಿನ ಶಿಷ್ಟಾಚಾರವಾಗುವುದನ್ನು ಕಂಡವನು, ಹೊಸದೊಂದನ್ನು ಹಳಿಯುವ ಮುನ್ನ ತುಸು ತಾಳಬೇಕು.

ಯುರೋಪಿಗೆ ಬಂದ ಟ್ಯಾಂಗೊ ಎಲ್ಲೆಡೆಯೂ ಒಂದೇ ಆಗಿ ಉಳಿಯಲಿಲ್ಲ. ಬ್ಯೂನಸ್ ಐರಿಸ್‌ನ ರೀತಿಯಲ್ಲಿ ಮೊದಲೇ ಗೊತ್ತುಮಾಡಿದ ಹೆಜ್ಜೆಸಾಲು ಇಲ್ಲ. ಒಬ್ಬರು ಮೈಯ ಚಲನೆಯಿಂದಲೇ ಸೂಚನೆ ಕೊಡುತ್ತಾರೆ, ಮತ್ತೊಬ್ಬರು ಆಲಿಸಿ ಉತ್ತರಿಸುತ್ತಾರೆ. ನಡುನಡುವೆ ನಿಲ್ಲುವುದೂ ನೃತ್ಯದ ಭಾಗವೇ. ಅದು ಮಾತಿಲ್ಲದ ಸಂಭಾಷಣೆ. ಇಂಗ್ಲೆಂಡಿನ ಶಿಕ್ಷಕರಾದರೋ 1920ರ ದಶಕದಿಂದ ಬಾಲ್‌ರೂಂ ನೃತ್ಯಗಳ ಹೆಜ್ಜೆಗಳನ್ನೆಲ್ಲ ಹೆಸರಿಟ್ಟು, ಅಳೆದು, ನಿಯಮಕ್ಕೆ ಒಳಪಡಿಸಿದರು. ಬ್ಲ್ಯಾಕ್‌ಪೂಲ್ ಪಟ್ಟಣದಲ್ಲಿ 1920ರಲ್ಲಿ ಆರಂಭವಾದ ನೃತ್ಯೋತ್ಸವ ಇಂದಿಗೂ ಸ್ಪರ್ಧಿಗಳ ಯಾತ್ರಾಸ್ಥಳ. ಅಲ್ಲಿ ಟ್ಯಾಂಗೊ ಕವಾಯತಿನಂತೆ ಬಿಗಿಯಾಯಿತು. ತಲೆಯನ್ನು ಥಟ್ಟನೆ ಹೊರಳಿಸುವ ಭಂಗಿ ಸೇರಿತು.

ಈ ನಿಯಮಬಂಧನವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ನಿಯಮವಿದ್ದುದರಿಂದಲೇ ಅದನ್ನು ಯಾರೂ ಕಲಿಯುವುದು, ಎಲ್ಲಿಯೂ ಕಲಿಸುವುದು ಸಾಧ್ಯವಾಯಿತು. ಒಬ್ಬರ ಭಾಷೆಯನ್ನೊಬ್ಬರು ಅರಿಯದ ಇಬ್ಬರೂ ಜೊತೆಯಾಗಿ ಹೆಜ್ಜೆ ಹಾಕಬಲ್ಲವರಾದರು. ಆದರೆ ತೀರ್ಪುಗಾರನ ಅಂಕವೇ ಗುರಿಯಾದಾಗ, ನರ್ತಕನ ಗಮನ ಜೊತೆಗಾರರನ್ನು ಬಿಟ್ಟು ನೋಡುವವರ ಕಡೆಗೆ ತಿರುಗುತ್ತದೆ. ಸಂಭಾಷಣೆ ಆಗ ಭಾಷಣವಾಗುತ್ತದೆ. ಗಳಿಕೆಯೊಡನೆ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯ ದಾರಿಯನ್ನು ಉತ್ತರದ ಫಿನ್ಲೆಂಡ್ ತೋರಿಸಿತು. 1939ರಿಂದ 1944ರವರೆಗಿನ ಯುದ್ಧಗಳಲ್ಲಿ ಆ ಪುಟ್ಟ ದೇಶ ಕರೇಲಿಯಾ ಪ್ರಾಂತದ ಬಹುಭಾಗವನ್ನು ಕಳೆದುಕೊಂಡಿತು. ಸುಮಾರು 4 ಲಕ್ಷ ಜನ ಮನೆಮಾರು ತೊರೆದು ಬರಬೇಕಾಯಿತು. ಯುದ್ಧಕಾಲದಲ್ಲಿ ಸಾರ್ವಜನಿಕ ನೃತ್ಯಕ್ಕೆ ನಿಷೇಧವೂ ಇದ್ದಿತು. ಅದು ತೆರವಾದ ಮೇಲೆ ಸರೋವರಗಳ ದಡದ ಮರದ ಮಂಟಪಗಳಲ್ಲಿ ಜನ ಟ್ಯಾಂಗೊಗೆ ಹೆಜ್ಜೆ ಹಾಕಿದರು. ಹೆಜ್ಜೆ ಸರಳ, ಸ್ವರ ವಿಷಾದದ್ದು, ಹಾಡಿನ ತುಂಬ ಎಟುಕದ ನಾಡಿನ ಹಂಬಲ. ಊಂಟೊ ಮೊನೊನೆನ್ 1955ರಲ್ಲಿ ರಚಿಸಿದ, 'ಕನಸಿನ ನಾಡು' ಎನ್ನಬಹುದಾದ 'ಸಾತುಮಾ' ಹಾಡು ಆ ಜನದ ಎದೆಯ ಹಾಡೇ ಆಯಿತು. ಸೆಯ್ನಾಯೊಕಿ ಪಟ್ಟಣದಲ್ಲಿ 1985ರಲ್ಲಿ ಟ್ಯಾಂಗೊ ಉತ್ಸವವೂ ತೊಡಗಿತು.

ಫಿನ್ಲೆಂಡಿನ ರೈತ ಬ್ಯೂನಸ್ ಐರಿಸ್‌ನ ಹೆಜ್ಜೆಗಳನ್ನು ಯಥಾವತ್ತಾಗಿ ಅನುಕರಿಸಲಿಲ್ಲ. ಆದರೂ ಊರು ಬಿಟ್ಟು ಬಂದವರ ಅಳಲಿನಿಂದ ಹುಟ್ಟಿದ ಕುಣಿತದಲ್ಲಿ ಊರು ಕಳೆದುಕೊಂಡವರು ತಮ್ಮ ಅಳಲನ್ನೇ ಕಂಡರು. ರೂಪ ಬದಲಾಯಿತು, ಜೀವ ಉಳಿಯಿತು. ಆದುದರಿಂದ ಯಾವ ಟ್ಯಾಂಗೊ ಶುದ್ಧ ಎಂಬುದು ಸರಿಯಾದ ಪ್ರಶ್ನೆಯಲ್ಲ. ಕುಣಿಯುವವರ ಬಾಳಿಗೆ ಅದು ಮಾತು ಕೊಟ್ಟಿತೆ ಎಂಬುದೇ ಪ್ರಶ್ನೆ.

ಪಡೆದವರಿಗೆ ಒಂದು ಋಣವೂ ಉಂಟು. 2009ರಲ್ಲಿ ಯುನೆಸ್ಕೊ ಸಂಸ್ಥೆ ಟ್ಯಾಂಗೊವನ್ನು ಅರ್ಜೆಂಟೀನ ಮತ್ತು ಉರುಗ್ವೆಗಳ ಸಮಾನ ಪರಂಪರೆಯೆಂದು ತನ್ನ ಪಟ್ಟಿಗೆ ಸೇರಿಸಿತು. ಕಲೆ ಯಾರ ಅಂಗಳದಲ್ಲಿಯೂ ಅರಳಲಿ. ಆದರೆ ಅದನ್ನು ಬಿತ್ತಿದ ಬಡವರ ಹೆಸರು, ಅದರಲ್ಲಿಯೂ ಬಹುಕಾಲ ಮರೆಯಾಗಿದ್ದ ಆ ಆಫ್ರಿಕನ್ ಸಂತತಿಯವರ ಹೆಸರು, ಅಳಿಯಬಾರದು. ಎರವಲು ತರುವುದು ತಪ್ಪಲ್ಲ. ಎರವಲೆಂಬುದನ್ನು ಮರೆಯುವುದು ತಪ್ಪು.